ನೋವು ನಿಂತ ಹಲ್ಲು



ನಮ್ಮ ಹಳ್ಳಿಗಳಲ್ಲಿ ಒಬ್ಬನಿಗೆ ಮೂರು ದಿವಸ ಜ್ವರ ಬಿಡದಿದ್ದರೆ ಮನೆಯವರು ಅವನನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತಾರೆ. ಕಾಲಿಗೆ ಕತ್ತಿ ತಗಲಿದರೆ ಆ ಹೊತ್ತಿಗೇ ಓಡುತ್ತಾರೆ. ಹಲ್ಲು ನೋಯುವಾಗ ಮಾತ್ರ ಹಾಗೆ ಮಾಡುವವರು ಕಡಿಮೆ. ಒಂದು ಲವಂಗವನ್ನು ಕಚ್ಚಿ ಹಿಡಿದು, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗಿ, ಎರಡು ಮೂರು ರಾತ್ರಿ ನಿದ್ದೆಗೆಟ್ಟು ಕಳೆಯುತ್ತಾರೆ. ಆ ಮೇಲೆ ಒಂದು ದಿನ ನೋವು ತಾನಾಗಿ ನಿಂತುಹೋಗುತ್ತದೆ. ಗುಣವಾಯಿತೆಂದು ಸಂತೋಷಪಟ್ಟು ಆ ಹಲ್ಲಿನ ಸಂಗತಿಯನ್ನೇ ಮರೆತುಬಿಡುತ್ತಾರೆ. ನಾವು ಈ ಪಾಠದಲ್ಲಿ ಮುಖ್ಯವಾಗಿ ತಿಳಿಸಬೇಕೆಂದಿರುವದೇನಂದರೆ, ರಾತ್ರಿಯೆಲ್ಲಾ ಕಾಡಿದ ಹುಳುಕು ಹಲ್ಲಿನ ನೋವು ತಾನಾಗಿ ನಿಂತರೆ ಅದು ಗುಣವಾದ ಗುರುತಲ್ಲ. ಹೆಚ್ಚಾಗಿ ಅದು ಹಲ್ಲು ಒಳಗೆ ಸತ್ತುಹೋದ ಗುರುತು.

ಕೆಲವು ವರುಷಗಳ ಕೆಳಗೆ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ ಮಾಡುವ ಒಬ್ಬ ಮನುಷ್ಯನಿದ್ದನು. ನಾಲ್ವತ್ತು ವರುಷದವನು, ಗಟ್ಟಿಮುಟ್ಟಾದ ಆಳು. ಬೇಸಗೆಯಲ್ಲಿ ಅವನ ಕೆಳಗಿನ ಹಿಂದವಡೆಯ ಹಲ್ಲು ಒಂದು ವಾರ ನೊಂದು ನಿಂತಿತು. ಮಳೆ ಹಿಡಿದ ಮೇಲೆ ದವಡೆಯ ಕೆಳಗೆ ಬಾವು ಕಾಣಿಸಿತು. ಹೆಂಡತಿ ಅಕ್ಕಿಹಿಟ್ಟನ್ನು ಬಿಸಿಮಾಡಿ ಹೊರಗಿನಿಂದ ಕಟ್ಟಿದಳು. ಮೂರನೆಯ ಸಂಜೆಗೆ ಬಾವು ಗಲ್ಲದ ಕೆಳಗೆಲ್ಲಾ ಹಬ್ಬಿ ಹಲಗೆಯಂತೆ ಗಡುಸಾಯಿತು. ನಾಲಿಗೆ ಮೇಲಕ್ಕೆದ್ದು, ಉಗುಳನ್ನು ನುಂಗಲಾರದೆ ಬಾಯಿಂದ ಸುರಿಯುತ್ತಿತ್ತು. ಬಿಸಿ ಅನ್ನ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಸ್ವರವಾಯಿತು. ರಾತ್ರಿ ಮಳೆಯಲ್ಲಿಯೇ ಜೀಪಿನಲ್ಲಿ ಹಾಕಿ ಜಿಲ್ಲೆಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅವನಿಗೆ ಉಸಿರು ಹೊರಡುವದು ಕಷ್ಟವಾಗಿತ್ತು. ವೈದ್ಯರು ಗಂಟಲಲ್ಲಿ ತೂತು ಮಾಡಿ ಕೊಳವೆ ಇಟ್ಟು ಉಸಿರಾಡಿಸಿದರು. ಗಲ್ಲದ ಕೆಳಗೆ ಕೊಯಿದು ಒಳಗಿನ ಬಿಗುವನ್ನು ಬಿಡಿಸಿ ಕೀವು ತೆಗೆದರು. ಮೂಲವಾದ ಹಲ್ಲನ್ನೂ ಕಿತ್ತರು. ಬದುಕಿಕೊಂಡನು. ಇಷ್ಟು ದಿವಸ ಯಾಕೆ ಬರಲಿಲ್ಲವೆಂದು ವೈದ್ಯರು ಕೇಳಿದಾಗ, ಅವನು ಒಂದು ಕಾಗದದ ಮೇಲೆ, "ನೋವೇ ಇರಲಿಲ್ಲವಲ್ಲ, ಡಾಕ್ಟ್ರೇ" ಎಂದು ಬರೆದು ತೋರಿಸಿದನು. ಅವನು ಸುಳ್ಳು ಹೇಳಲಿಲ್ಲ.

ಈ ವ್ಯಾಧಿಯನ್ನು 1836ರಲ್ಲಿ ಜರ್ಮನಿ ದೇಶದ ಲುಡ್ವಿಗ್ ಎಂಬ ವೈದ್ಯನು ವಿವರಿಸಿ ಬರೆದದ್ದರಿಂದ ಅದು ಅವನ ಹೆಸರಿನಿಂದಲೇ ಕರೆಯಲ್ಪಡುತ್ತದೆ. ರೋಗಾಣುಗಳನ್ನು ಕೊಲ್ಲುವ ಔಷಧಗಳು ದೊರೆಯುವದಕ್ಕೆ ಮೊದಲು ಇದು ಹತ್ತಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇದಕ್ಕೆ ಕಾರಣ ಹೆಚ್ಚಾಗಿ ಕೆಳದವಡೆಯ ಹಿಂದಣ ಹಲ್ಲುಗಳೇ.

ನೋವು ಯಾಕೆ ನಿಲ್ಲುತ್ತದೆ ಎಂಬದನ್ನು ತಿಳಿಯಬೇಕಾದರೆ ಹಲ್ಲಿನ ಕಟ್ಟೋಣವನ್ನು ಸ್ವಲ್ಪ ತಿಳಿದಿರಬೇಕು. ಹೊರಗೆ ಕಾಣುವ ಬಿಳೀ ಪದರಿಗೆ ಎನಾಮೆಲ್ ಎಂದು ಹೆಸರು. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಎಲುಬು ಸಹ ಅಷ್ಟು ಗಟ್ಟಿಯಲ್ಲ. ಅದರಲ್ಲಿ ನರವಿಲ್ಲ. ಅದರ ಕೆಳಗೆ ಡೆಂಟೀನ್ ಎಂಬ ಹಳದಿ ಛಾಯೆಯ ಪದರು ಉಂಟು. ಅದರ ತುಂಬಾ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಎಲ್ಲಕ್ಕಿಂತ ಒಳಗೆ ತಿರುಳು. ಅದರಲ್ಲಿ ರಕ್ತನಾಳಗಳೂ ನರಗಳೂ ಬೇರಿನ ತುದಿಯ ಸಣ್ಣ ರಂಧ್ರದಿಂದ ಒಳಸೇರಿರುತ್ತವೆ. ಹುಳುಕು ಎನಾಮೆಲಿನಲ್ಲಿ ಇರುವ ತನಕ ಏನೂ ತಿಳಿಯುವದಿಲ್ಲ. ಡೆಂಟೀನಿಗೆ ಬಂದಾಗ ತಣ್ಣೀರು ಕುಡಿದರೆ, ಬೆಲ್ಲ ಕಚ್ಚಿದರೆ ಜುಮ್ಮೆನ್ನುತ್ತದೆ, ತೆಗೆದರೆ ನಿಲ್ಲುತ್ತದೆ. ತಿರುಳಿಗೆ ಮುಟ್ಟಿದಾಗ ಅದು ಬಾತುಕೊಳ್ಳುತ್ತದೆ. ಆದರೆ ನಾಲ್ಕೂ ಕಡೆ ಗಟ್ಟಿ ಗೋಡೆ ಇರುವದರಿಂದ ಬಾಯಲು ಸ್ಥಳವಿಲ್ಲ. ಮಲಗಿದಾಗ ತಲೆಗೆ ರಕ್ತದ ಒತ್ತಡ ಹೆಚ್ಚುವದರಿಂದ ರಾತ್ರಿಯಲ್ಲಿ ಆ ನೋವು ತಡೆಯಲಾರದಷ್ಟಾಗುತ್ತದೆ. ಕೊನೆಗೆ ಒತ್ತಡದಿಂದ ರಕ್ತ ಸಂಚಾರ ನಿಂತು ತಿರುಳು ಸಾಯುತ್ತದೆ. ಸತ್ತ ನರ ನೋಯುವದಿಲ್ಲ. ಆಗಲೇ ನಮ್ಮ ಜನರು ಗುಣವಾಯಿತೆನ್ನುವದು. ರೋಗಾಣುಗಳಾದರೋ ಆ ಖಾಲಿ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಮಾಡುತ್ತಾ, ವಾರವೋ ವರುಷವೋ ಕಳೆದ ಮೇಲೆ ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತವೆ.

ಹುಳುಕು ಎಂಬ ನಮ್ಮ ಮಾತೇ ಒಂದು ಹಳೇ ತಪ್ಪನ್ನು ಹೊತ್ತುಕೊಂಡು ಬಂದಿದೆ. ಹಲ್ಲಿನಲ್ಲಿ ಹುಳವಿದ್ದು ಕೊರೆಯುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ನಮ್ಮವರು ಮಾತ್ರವಲ್ಲ, ಪುರಾತನ ಬಾಬೆಲಿನ ಮಣ್ಣಿನ ಹಲಗೆಗಳಲ್ಲಿಯೂ ಹಲ್ಲಿನ ಹುಳದ ಕಥೆ ಉಂಟು. ಯೂರೋಪಿನಲ್ಲಿ ಒಂದು ಜಾತಿಯ ಗಿಡದ ಬೀಜವನ್ನು ಕೆಂಡದ ಮೇಲೆ ಹಾಕಿ ರೋಗಿಯ ಬಾಯಿಗೆ ಹೊಗೆ ಹಿಡಿಸುತ್ತಿದ್ದರು. ಬಿಸಿಗೆ ಬೀಜ ಒಡೆದು ಒಳಗಿನ ಬಿಳೀ ಮೊಳಕೆ ಹೊರಗೆ ಬೀಳುವದು. ಅದನ್ನೇ ಹುಳವೆಂದು ತೋರಿಸಿ ಹಣ ಪಡೆಯುವದು. ನಮ್ಮ ಸಂತೆಗಳಲ್ಲಿಯೂ ಹೊಗೆ ಹಾಕಿ ಹುಳ ತೋರಿಸುವವರನ್ನು ನಾವು ಚಿಕ್ಕಂದಿನಲ್ಲಿ ಬಾಯಿಬಿಟ್ಟು ನೋಡುತ್ತಾ ನಿಂತದ್ದುಂಟು. ಫ್ರಾನ್ಸ್ ದೇಶದ ಫೋಶಾರ್ ಎಂಬ ದಂತವೈದ್ಯನು 1728ರ ತನ್ನ ಗ್ರಂಥದಲ್ಲಿ ಹುಳದ ಮಾತನ್ನು ಅಲ್ಲಗಳೆದನು. ಅದಕ್ಕೂ ಮೊದಲೇ, 1683ರಲ್ಲಿ, ಹಾಲಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳೀ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನಿಗೆ ಬರೆದಿದ್ದನು. ಆ ಜೀವಿಗಳು ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಆ ಹುಳಿಯೇ ಹಲ್ಲನ್ನು ಕರಗಿಸುತ್ತದೆ ಎಂದು ಬರ್ಲಿನಿನಲ್ಲಿದ್ದ ಮಿಲ್ಲರ್ ಎಂಬ ಅಮೇರಿಕದ ಪಂಡಿತನು 1890ರಲ್ಲಿ ಪುಸ್ತಕ ಬರೆದು ತೋರಿಸಿದನು.

ಇದರಿಂದ ಮನೆಯ ಉಪಯೋಗಕ್ಕೆ ಬರುವ ಒಂದು ದೊಡ್ಡ ಸಂಗತಿ ಹೊರಡುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವು ನಿಮಿಷಗಳಲ್ಲಿಯೇ ಹುಳಿ ಹುಟ್ಟುತ್ತದೆ. ಅದು ಇಳಿಯಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಆ ಮೇಲೆ ನಮ್ಮ ಉಗುಳೇ ಹಲ್ಲಿನ ಮೇಲ್ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಪಡಿಸುತ್ತದೆ. ಆದಕಾರಣ ಎಷ್ಟು ಸಿಹಿ ತಿಂದೆವು ಎಂಬದಕ್ಕಿಂತ ದಿನಕ್ಕೆ ಎಷ್ಟು ಸಾರಿ ತಿಂದೆವು ಎಂಬದು ಹೆಚ್ಚು ಮುಖ್ಯ. ಸ್ವೀಡನ್ ದೇಶದ ವಿಪೆಹೋಮ್ ಎಂಬ ಆಸ್ಪತ್ರೆಯಲ್ಲಿ 1945ರಿಂದ ಕೆಲವು ವರುಷ ಬುದ್ಧಿಮಾಂದ್ಯರಾದ ರೋಗಿಗಳಿಗೆ ಹಲ್ಲಿಗೆ ಅಂಟುವ ಮಿಠಾಯಿಯನ್ನು ಹೊತ್ತುಹೊತ್ತಿಗೆ ಕೊಟ್ಟು ಪರೀಕ್ಷಿಸಿದರು. ತಮ್ಮ ಪಕ್ಷವಾಗಿ ಮಾತಾಡಲಾರದವರ ಹಲ್ಲುಗಳನ್ನು ಹೀಗೆ ಕೆಡಿಸಿದ್ದು ಮಾಡಬಾರದ ಕೆಲಸವೆಂದೇ ನಾವು ಹೇಳುತ್ತೇವೆ. ಆದರೆ ಊಟದೊಂದಿಗೆ ತಿಂದ ಸಿಹಿ ಕಡಿಮೆ ಕೆಡಿಸುತ್ತದೆ, ಊಟದ ನಡುವೆ ಆಗಾಗ ತಿಂದ ಅಂಟುವ ಸಿಹಿ ಬಹಳ ಕೆಡಿಸುತ್ತದೆ ಎಂಬದು ಅಲ್ಲಿ ಸ್ಥಿರವಾಯಿತು. ಹಬ್ಬದ ದಿನ ಊಟದ ಎಲೆಯಲ್ಲಿ ಎರಡು ಹೋಳಿಗೆ ತಿಂದ ಮಗುವಿಗಿಂತ, ಬೆಳಿಗ್ಗೆಯಿಂದ ಒಂದೊಂದೇ ಪೆಪ್ಪರ್‌ಮಿಂಟನ್ನು ಕೆನ್ನೆಯಲ್ಲಿಟ್ಟುಕೊಂಡು ಚೀಪಿದ ಮಗುವಿನ ಹಲ್ಲಿಗೆ ಹೆಚ್ಚು ಕೇಡು. ದಿನಕ್ಕೆ ಆರು ಸಾರಿ ಸಕ್ಕರೆ ಚಹಾ ಕುಡಿಯುವ ದೊಡ್ಡವರೂ ಇದನ್ನು ತಮಗಲ್ಲವೆಂದು ನೆನಸಬಾರದು. ಬಾಯಿಪಾಠ ಒಪ್ಪಿಸಿದ ಮಕ್ಕಳಿಗೆ ನಮ್ಮ ರವಿವಾರದ ಶಾಲೆಗಳಲ್ಲಿ ಮಿಠಾಯಿ ಹಂಚುವ ಪದ್ಧತಿ ಉಂಟಷ್ಟೆ; ಒಂದು ಪೆನ್ಸಿಲನ್ನೋ ನೆಲಗಡಲೆಯನ್ನೋ ಕೊಟ್ಟರೆ ಬಾಯಿಪಾಠ ಕಡಿಮೆಯಾದೀತೆಂದು ನಮಗೆ ತೋರುವದಿಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ನಡೆದ ತಪ್ಪನ್ನು ಮರೆಮಾಡುವದಿಲ್ಲ. ನಮ್ಮ ಹುಡುಗಿಗೆ ಏಳು ವರುಷವಿದ್ದಾಗ ಕೆಳಗಿನ ದವಡೆಯ ಹಿಂದಣ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಿತು. ಹಾಲುಹಲ್ಲು, ಬಿದ್ದು ಬೇರೆ ಬರುತ್ತದೆ ಎಂದು ನಾವು ಸುಮ್ಮನಿದ್ದೆವು. ಅದು ಹಾಲುಹಲ್ಲಾಗಿರಲಿಲ್ಲ. ಮಗುವಿಗೆ ಸುಮಾರು ಆರು ವರುಷವಾದಾಗ, ಒಂದು ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಮೇಲೆರಡು ಕೆಳಗೆರಡು ದೊಡ್ಡ ದವಡೆಹಲ್ಲುಗಳು ಮೂಡುತ್ತವೆ. ಬಿದ್ದು ಬಂದ ಹಲ್ಲಲ್ಲವಾದ್ದರಿಂದ ತಾಯಂದಿರು ಅದನ್ನು ಗಮನಿಸುವದಿಲ್ಲ. ಅವು ಜನ್ಮಕ್ಕೆಲ್ಲಾ ಒಂದೇ ಸಾರಿ ಬರುವವು; ಅವುಗಳ ಮೇಲಿನ ಗೀರುಗಳು ಆಳವಾಗಿರುವದರಿಂದ ಬೇಗನೆ ಹುಳುಕಾಗುವವು. ಆ ಹುಡುಗಿಯ ಹಲ್ಲನ್ನು ಹತ್ತನೆಯ ವರುಷದಲ್ಲಿ ಕೀಳಬೇಕಾಯಿತು. ಆರು ವರುಷದ ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ, ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿರಿ. ಆರನೆಯ ಹಲ್ಲು ಇದ್ದರೆ ಅದೇ ಇದು. ಹಾಲುಹಲ್ಲನ್ನಾದರೂ ಉದಾಸೀನ ಮಾಡಕೂಡದು. ಅದು ಮುಂದೆ ಬರುವ ಹಲ್ಲಿಗೆ ಸ್ಥಳ ಕಾಯುತ್ತದೆ, ಅದರ ಕೀವು ಕೆಳಗಿನ ಮೊಳಕೆಹಲ್ಲನ್ನು ಕೆಡಿಸುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟ್ಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸಿದರೆ ಮೇಲಿನ ಮುಂಬಲ್ಲುಗಳು ಎರಡನೆಯ ವರುಷಕ್ಕೇ ಕರಗಿ ಕಡ್ಡಿಯಂತಾಗುವವು.

ಹಲ್ಲುಜ್ಜುವ ವಿಷಯ. ಭತ್ತದ ಹೊಟ್ಟಿನ ಕರಿ, ಇಟ್ಟಿಗೆ ಪುಡಿ, ಬೂದಿ, ಹರಳುಪ್ಪು ಇವುಗಳಿಂದ ಹಲ್ಲು ಬೆಳ್ಳಗಾಗುವದು ನಿಜ. ಪಾತ್ರೆಯೂ ಹಾಗೆಯೇ ಬೆಳ್ಳಗಾಗುತ್ತದೆ, ಕಲಾಯಿ ಸವೆದ ಮೇಲೆ. ಎನಾಮೆಲಿಗೆ ಮತ್ತೆ ಕಲಾಯಿ ಇಲ್ಲ. ಬೇವಿನ ಕಡ್ಡಿಯನ್ನು ಅಗಿದು ಮೆತ್ತಗೆ ಮಾಡಿ ಉಜ್ಜುವದರಲ್ಲಿ ದೋಷವಿಲ್ಲ. ನಮ್ಮ ಕರಾವಳಿಯ ಮಾವಿನೆಲೆಯೂ ಏನೂ ಇಲ್ಲದ್ದಕ್ಕಿಂತ ಲೇಸು. ಆದರೆ ಇವು ಹಲ್ಲಿನ ಒಳಮೈಗೂ ಹಿಂದಣ ಸಂದಿಗೂ ಸರಿಯಾಗಿ ಹೋಗುವದಿಲ್ಲ. ಮೆತ್ತನೆಯ ಬ್ರಶ್ಶು, ಫ್ಲೋರೈಡ್ ಎಂಬ ಲವಣವಿರುವ ಪೇಸ್ಟು, ದಿನಕ್ಕೆ ಎರಡು ಸಾರಿ, ಎರಡು ಎರಡು ನಿಮಿಷ: ಇಷ್ಟು ಸಾಕು. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಬೆಳಗಿನದನ್ನು ಬಿಡಿರಿ, ರಾತ್ರಿಯದನ್ನು ಬಿಡಬೇಡಿರಿ. ಯಾಕಂದರೆ ನಿದ್ದೆಯಲ್ಲಿ ಉಗುಳು ಕಡಿಮೆಯಾಗಿ ಹಲ್ಲಿಗೆ ಕಾವಲಿರುವದಿಲ್ಲ. ಉಜ್ಜಿದ ಮೇಲೆ ನೊರೆಯನ್ನು ಉಗುಳಿಬಿಡಬೇಕು. ಚೆಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಫ್ಲೋರೈಡೆಲ್ಲಾ ಹೋಗಿಬಿಡುವದು. ಮೂರು ವರುಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟು ಸಾಕು, ದೊಡ್ಡವರೇ ಉಜ್ಜಬೇಕು.

ಇಲ್ಲಿ ಬಯಲುಸೀಮೆಯ ವಾಚಕರಿಗೆ ಒಂದು ಮಾತು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಸೀಮೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅತಿಯಾಗಿರುವದುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳೀ ಪಟ್ಟೆಗಳೂ ಕಂದು ಕಲೆಗಳೂ ಮೂಡುವವು. ಅದು ಕೊಳೆಯಲ್ಲ, ಬೂದಿಯಿಂದ ತಿಕ್ಕಿದರೆ ಹೋಗುವದಿಲ್ಲ. ಆ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವ ಬದಲು ಇನ್ನೂ ಗಟ್ಟಿಯಾಗುವದು. ಶುದ್ಧೀಕರಿಸಿದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಮಕ್ಕಳಿಗೆ ಕುಡಿಸಬೇಕು.

ವಸಡಿನ ರೋಗವು ಹುಳುಕಿಗಿಂತಲೂ ಮೌನವಾದದ್ದು. ಉಜ್ಜುವಾಗ ರಕ್ತ ಕಾಣುವದೇ ಅದರ ಮೊದಲನೆಯ ಗುರುತು. ರಕ್ತ ಕಂಡಿತೆಂದು ಉಜ್ಜುವದನ್ನು ಬಿಡುವವರು ರೋಗಕ್ಕೆ ಸಹಾಯ ಮಾಡುತ್ತಾರೆ. ಕೊಳೆ ಕಲ್ಲಿನಂತೆ ಕಟ್ಟಿದ ಮೇಲೆ ಬ್ರಶ್ಶಿನಿಂದ ಹೋಗದು, ದಂತವೈದ್ಯರೇ ಕೆರೆದು ತೆಗೆಯಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂದು ಜನರು ಹೇಳುವದುಂಟು. ಎಲುಬು ಮೊದಲೇ ಕರಗಿರುತ್ತದೆ. ಸಡಿಲವಾದ ಹಲ್ಲನ್ನು ಆ ಕಲ್ಲೇ ಒಂದಕ್ಕೊಂದು ಅಂಟಿಸಿ ಹಿಡಿದಿತ್ತು, ಅಷ್ಟೆ. ಸಕ್ಕರೆ ಕಾಯಿಲೆಯವರಲ್ಲಿ ಈ ರೋಗ ಬೇಗ ಹೆಚ್ಚುತ್ತದೆ, ಹೆಚ್ಚಿದ ರೋಗವು ಸಕ್ಕರೆಯನ್ನೂ ಏರಿಸುತ್ತದೆ.

ಎಲೆ ಅಡಿಕೆಯ ವಿಷಯವನ್ನು ಬರೆಯುವದು ನಮಗೆ ಸುಲಭವಲ್ಲ. ನಮ್ಮಲ್ಲಿ ಅನೇಕರ ಊಟ ಅಡಿಕೆ ತೋಟದಿಂದಲೇ ಬರುತ್ತದೆ. ಹೊಗೆಸೊಪ್ಪು ಸೇರಿದ ಎಲೆ ಅಡಿಕೆಯು ಅರ್ಬುದ ರೋಗವನ್ನುಂಟುಮಾಡುತ್ತದೆಂದು ಲೋಕದ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 1985ರಲ್ಲಿಯೂ, ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆ ತಾನೇ ಹಾಗೆ ಮಾಡುತ್ತದೆಂದು 2004ರಲ್ಲಿಯೂ ತೀರ್ಮಾನಿಸಿ ಪ್ರಕಟಿಸಿತು. ಅಡಿಕೆ ಜಗಿಯುವವರ ಕೆನ್ನೆಯ ಒಳಮೈ ಬಿಳುಚಿ ಗಡುಸಾಗಿ, ಖಾರ ಉರಿದು, ಬಾಯಿ ಬರಬರುತ್ತಾ ಮುಚ್ಚಿಕೊಳ್ಳುವ ಒಂದು ವ್ಯಾಧಿ ಉಂಟು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲಾಗದಿದ್ದರೆ ತಡಮಾಡದೆ ತೋರಿಸಿರಿ. ಎರಡು ವಾರಗಳಲ್ಲಿ ಮಾಯದ ಹುಣ್ಣು, ಒರಸಿದರೆ ಹೋಗದ ಬಿಳೀ ಅಥವಾ ಕೆಂಪು ಮಚ್ಚೆ, ಇವುಗಳೂ ಹಾಗೆಯೇ. ಇವೂ ಮೊದಲಿಗೆ ನೋಯುವದಿಲ್ಲ. ಹುರಿದ ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವ ಹೆಂಗಸರು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಉಂಟು. ಹಲ್ಲುಪುಡಿಗಳಿಗೂ ಪೇಸ್ಟುಗಳಿಗೂ ಹೊಗೆಸೊಪ್ಪು ಸೇರಿಸುವದನ್ನು ಭಾರತ ಸರಕಾರವು 1992ರಲ್ಲಿಯೇ ನಿಷೇಧಿಸಿತು. ಮನೆಯಲ್ಲಿ ಹುರಿಯುವದನ್ನು ಯಾವ ಸರಕಾರ ತಡೆದೀತು?

ಇನ್ನು ಹಲ್ಲು ನೊಂದಾಗ ಏನು ಮಾಡತಕ್ಕದ್ದು? ಲವಂಗದೆಣ್ಣೆಯ ಒಂದು ತೊಟ್ಟನ್ನು ಹತ್ತಿಯಲ್ಲಿ ಅದ್ದಿ ಹುಳುಕಿನಲ್ಲಿಡಬಹುದು. ವಸಡಿಗೆ ಹರಿದರೆ ಸುಡುವದು. ಗುಳಿಗೆಯನ್ನು ನುಂಗಬೇಕೇ ಹೊರತು ಪುಡಿಮಾಡಿ ವಸಡಿನ ಮೇಲಿಡಬಾರದು. ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಇವು ಮಾಡುವ ಹುಣ್ಣುಗಳನ್ನು ನಾವು ಕಂಡಿದ್ದೇವೆ. ಬಾವಿಗೆ ಹೊರಗಿನಿಂದ ಬಿಸಿ ಕಟ್ಟಬಾರದು. ಔಷಧದಂಗಡಿಯ ಕೀವಿನ ಗುಳಿಗೆಯಿಂದ ಬಾವು ಇಳಿದರೂ ಮೂಲವು ಹಲ್ಲಿನೊಳಗೆ ಹಾಗೆಯೇ ಇರುತ್ತದೆ. ಇದೆಲ್ಲಾ ವೈದ್ಯರ ಬಳಿಗೆ ಹೋಗುವ ತನಕ ಮಾತ್ರ. ಜುಮ್ಮೆನ್ನುವ ಸ್ಥಿತಿಯಲ್ಲಿಯೇ ಹೋದರೆ ಹುಳುಕನ್ನು ತೆಗೆದು ಸಿಮೆಂಟು ತುಂಬುತ್ತಾರೆ. ರಾತ್ರಿ ನೋವಿನ ಸ್ಥಿತಿಯಲ್ಲಿಯೂ, ತಿರುಳು ಸತ್ತ ಮೇಲೆಯೂ ಬೇರಿನ ನಾಳವನ್ನು ಶುದ್ಧಮಾಡಿ ತುಂಬುವ ರೂಟ್ ಕೆನಾಲ್ ಎಂಬ ಚಿಕಿತ್ಸೆಯಿಂದ ಹಲ್ಲನ್ನು ಉಳಿಸಬಹುದು, ಇಲ್ಲವೆ ಕೀಳಬೇಕು. ಹೊತ್ತು ಕಳೆದಷ್ಟು ಖರ್ಚು. ಬಡವರಿಗೆ ತಾಲೂಕು ಆಸ್ಪತ್ರೆಯ ದಂತ ವಿಭಾಗವೂ ದಂತ ಕಾಲೇಜುಗಳೂ ಉಂಟು. ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಆರಂಭವಾದವು. ವಿದ್ಯಾರ್ಥಿಗಳು ಮಾಡುತ್ತಾರೆಂದು ಹೆದರಬೇಡಿರಿ, ಹಿಂದೆ ಗುರುಗಳು ನಿಂತಿರುತ್ತಾರೆ. ಸಂತೆಯಲ್ಲಿ ಕುಳಿತು ಒಂದೇ ಇಕ್ಕಳದಿಂದ ಹತ್ತು ಮಂದಿಯ ಹಲ್ಲು ಕೀಳುವವನಿಗೆ ಹೆದರಿರಿ. ಅದರಿಂದ ಕಾಮಾಲೆಯನ್ನು ತರುವ ರೋಗಾಣು ಒಬ್ಬರಿಂದೊಬ್ಬರಿಗೆ ದಾಟುವದು.

ಬಾವಿನೊಂದಿಗೆ ಬಾಯಿ ತೆರೆಯಲಾಗದೆ, ನುಂಗಲಾಗದೆ, ನಾಲಿಗೆಯ ಕೆಳಗೆ ಉಬ್ಬಿ, ಸ್ವರ ಬದಲಾಗಿ, ಜ್ವರ ಬಂದರೆ, ಅಥವಾ ಬಾವು ಕಣ್ಣನ್ನು ಮುಚ್ಚುವಂತಿದ್ದರೆ, ಬೆಳಗಾಗುವ ತನಕ ಕಾಯಬಾರದು. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮರದಿಂದ ಬಿದ್ದೋ ಆಟದಲ್ಲೋ ಮಗುವಿನ ದೊಡ್ಡ ಹಲ್ಲು ಇಡಿಯಾಗಿ ಉದುರಿದರೆ ಅದನ್ನು ಎಸೆಯಬಾರದು. ಬಿಳೀ ಭಾಗವನ್ನು ಮಾತ್ರ ಹಿಡಿದು, ಮಣ್ಣಿದ್ದರೆ ಒಂದು ಗಳಿಗೆ ನೀರಿನಲ್ಲಿ ತೊಳೆದು, ಬೇರನ್ನು ತಿಕ್ಕದೆ, ಅದೇ ಗುಳಿಯಲ್ಲಿ ಕೂಡಿಸಿ ಬಟ್ಟೆ ಕಚ್ಚಿಸಿ ಹೊರಡಬೇಕು. ಅದಾಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ತರಬೇಕು. ಅರ್ಧ ಗಂಟೆಯೊಳಗೆ ಕೂಡಿಸಿದರೆ ಹಿಡಿಯುವ ಸಂಭವ ಹೆಚ್ಚು. ಹಾಲುಹಲ್ಲನ್ನಾದರೋ ಹಿಂದಕ್ಕೆ ಕೂಡಿಸಕೂಡದು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಭಯದಿಂದ ಕೀವಿನ ಹಲ್ಲನ್ನು ಇಟ್ಟುಕೊಂಡಿರುವ ವೃದ್ಧರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ನೋಟದ ನರವು ಬೇರೆ, ಹಲ್ಲಿನ ನರವು ಬೇರೆ. ನಾಲ್ವತ್ತು ದಾಟಿದವರಿಗೆ ಹಲ್ಲು ಹೋಗುವ ಕಾಲವೂ ಓದಲು ಕನ್ನಡಕ ಬೇಕಾಗುವ ಕಾಲವೂ ಒಂದೇ ಆಗಿರುವದರಿಂದ ಈ ಮಾತು ಹುಟ್ಟಿತು. ಹಲ್ಲೆಲ್ಲಾ ಹೋದ ಬಡ ವೃದ್ಧರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಲು ಕರ್ನಾಟಕ ಸರಕಾರವು 2014ರಲ್ಲಿ ದಂತಭಾಗ್ಯ ಎಂಬ ಯೋಜನೆಯನ್ನು ಆರಂಭಿಸಿತು. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ನೋಡತಕ್ಕದ್ದು.

ಹಲ್ಲು ಕೀಳಿಸಲು ಹೋಗುವಾಗ ಊಟಮಾಡಿಯೇ ಹೋಗಬೇಕು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಗರ್ಭ, ರಕ್ತ ತೆಳ್ಳಗಾಗಿಸುವ ಗುಳಿಗೆ ಇವುಗಳಲ್ಲಿ ಯಾವದಿದ್ದರೂ ಮೊದಲೇ ತಿಳಿಸಬೇಕು. ಆ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿರಬೇಕು. ಆ ದಿನವೆಲ್ಲಾ ಮುಕ್ಕಳಿಸುವದಾಗಲಿ ಬಾರಿಬಾರಿಗೂ ಉಗುಳುವದಾಗಲಿ ಬೀಡಿ ಸೇದುವದಾಗಲಿ ಕೂಡದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಮರುದಿನದಿಂದ ಉಪ್ಪು ಬೆರಸಿದ ಉಗುರುಬೆಚ್ಚನೆಯ ನೀರಿನಿಂದ ಮೆಲ್ಲನೆ ಮುಕ್ಕಳಿಸಬಹುದು. ಮೂರನೆಯ ದಿನಕ್ಕೆ ನೋವು ಇಳಿಯದೆ ಏರಿದರೆ ಆ ಮುಚ್ಚಳ ಬಿದ್ದುಹೋಗಿದೆ ಎಂದು ತಿಳಿದು ಅದೇ ವೈದ್ಯರ ಬಳಿಗೆ ಹಿಂತಿರುಗಿ ಹೋಗಿ ತೋರಿಸಬೇಕು.